ಹಿಮ ನಿಲ್ಲದ ಮಾಡು

ಕೊಟ್ಟಿಗೆಯೊಳಗೆ ಮೊದಲ ಗ್ಯಾಸ್ ಸಿಲಿಂಡರ್ ಎತ್ತಲು ಊರ ಮುಖಂಡ ಅಕ್ಲಿ ಕಾಲಗಲಿಸಿ ನಿಂತು ಉಸಿರು ಬಿಗಿಹಿಡಿದ. ಎತ್ತಿದ ರಭಸಕ್ಕೆ ಹಿಂದಕ್ಕೆ ಜೋಲಿ ಹೊಡೆದು ಗೋಡೆಗೆ ಬಿದ್ದ. ಸಿಲಿಂಡರ್ ಅವನ ಒಂದೇ ಕೈಯಲ್ಲಿ ನೇತಾಡುತ್ತಿತ್ತು.

“ಖಾಲಿ,” ಅಂದ. ಎರಡನೆಯದನ್ನು ಎತ್ತಿದ. ಮೂರನೆಯದನ್ನು ಕಾಲಿನಿಂದಲೇ ತಳ್ಳಿದ. ಅದು ಟಣ್ ಎಂದು ಉರುಳಿತು. “ಇದೂ ಖಾಲಿ. ಎಲ್ಲಾ ಖಾಲಿ.”

ಬಾಗಿಲಲ್ಲಿ ಮೊಣಕಾಲುದ್ದ ಹಿಮದಲ್ಲಿ ನಿಂತಿದ್ದ ಜನ ಒಟ್ಟಿಗೇ ದೆಹ್ಬಿಯಾಳ ಕಡೆ ತಿರುಗಿದರು. ಆ ಕೊಟ್ಟಿಗೆ ಅವಳದು. ಬೀಗದ ಕೀ ಅವಳ ಕೊರಳಲ್ಲಿ ಉಣ್ಣೆಯ ದಾರದಲ್ಲಿತ್ತು.

ಜುರ್ಜುರಾ ಬೆಟ್ಟದ ಈ ಊರಲ್ಲಿ ಅಂಜೂರ ಒಣಗಿಸಿ ಮುಗಿದ ಮೇಲೆ ಮನೆಗೊಂದು ತುಂಬಿದ ಸಿಲಿಂಡರ್ ತಂದು ಆ ಕೊಟ್ಟಿಗೆಯಲ್ಲಿ ಇಡಬೇಕು. ಹಿಮ ಬಿದ್ದು ದಾರಿ ಮುಚ್ಚಿ, ಗ್ಯಾಸಿನ ಲಾರಿ ಬಾರದಿದ್ದರೆ ಮಾತ್ರ ಬಾಗಿಲು ತೆರೆಯುವುದು. ಮೊದಲು ಹಸುಗೂಸಿರುವ ಮನೆಗೆ, ಆಮೇಲೆ ಮುದುಕರಿರುವ ಮನೆಗೆ. ಹಳೆಯ ಕಲ್ಲಿನ ಮನೆಗಳಲ್ಲಾದರೆ ಸೌದೆಯ ಒಲೆ ಇದೆ. ಈಚೆಗೆ ಕಟ್ಟಿದ ಸಿಮೆಂಟಿನ ಮನೆಗಳಿಗೆ ಹೊಗೆಗೂಡೇ ಇಲ್ಲ, ಗ್ಯಾಸ್ ಮುಗಿದರೆ ಅವು ಬಾವಿಯ ಹಾಗೆ ತಣ್ಣಗಾಗುತ್ತವೆ. ತಸ್ಸಾದಿತಳದು ಅಂಥ ಮನೆ. ಅವಳ ಮಗು ಹುಟ್ಟಿ ಒಂಬತ್ತು ದಿನ, ಮನೆಯ ಹೀಟರ್ ಆರಿ ಒಂದು ದಿನ.

“ಸಿಲಿಂಡರ್ ಏನು ಹಿಮವಾ, ತಾನಾಗೇ ಕರಗಿ ಹೋಗೋಕೆ?” ಎಂದಳು ತಸ್ಸಾದಿತಳ ಅತ್ತೆ. “ನನ್ನ ಮೊಮ್ಮಗೂನ ಯಾರ ಮೈಗೆ ಒತ್ತಿ ಬೆಚ್ಚಗಿಡ್ಲಿ ಹೇಳು ದೆಹ್ಬಿಯಾ, ನಿನ್ನ ಬೀಗಕ್ಕಾ?”

“ಸುಮ್ನಿರವ್ವಾ,” ಎಂದ ಅಕ್ಲಿ. ಆದರೆ ಅವನ ದನಿಯಲ್ಲೂ ಅನುಮಾನವಿತ್ತು. “ದೆಹ್ಬಿಯಕ್ಕಾ, ಕೀ ಯಾರ ಕೈಗಾದ್ರೂ ಕೊಟ್ಟಿದ್ಯಾ?”

ಕೊಟ್ಟಿದ್ದಳು. ತಮ್ಮ ಬೆಲಾಯಿದನಿಗೆ. ಎರಡು ತಿಂಗಳ ಹಿಂದೆ ಬಂದು, “ಅಕ್ಕಾ, ಕೊಟ್ಟಿಗೆ ಹೆಂಚು ಒಡೆದಿದೆ, ಮಳೆ ಹಿಡಿಯೋ ಮುಂಚೆ ಸರಿ ಮಾಡಿಕೊಡ್ತೀನಿ” ಎಂದಿದ್ದ. ಅವಳು ಹಿಗ್ಗಿಹೋಗಿದ್ದಳು. ಕಾಫಿ ಕಾಯಿಸಿ, ಒಣ ಅಂಜೂರವನ್ನು ಆಲಿವ್ ಎಣ್ಣೆಯಲ್ಲಿ ಅದ್ದಿಕೊಟ್ಟಿದ್ದಳು. ತಾಯಿ ಸತ್ತಾಗ ಮೂರು ವರ್ಷದವನನ್ನು ಬೆನ್ನಿಗೆ ಕಟ್ಟಿಕೊಂಡು ಬೆಳೆಸಿದವಳಿಗೆ ಹೆಂಚು ಸರಿಮಾಡುವ ತಮ್ಮ ಸಿಕ್ಕಿದ್ದೇ ದೊಡ್ಡದು. ಎರಡು ದಿನ ಕೀ ಅವನ ಹತ್ತಿರವೇ ಇತ್ತು.

ಅವಳು ಗುಂಪಿನಲ್ಲಿ ಅವನನ್ನು ಹುಡುಕಿದಳು. ಬೇಲಿಯ ಹತ್ತಿರ, ಉಣ್ಣೆಯ ನಿಲುವಂಗಿಯ ಟೊಪ್ಪಿಗೆಯನ್ನು ಮುಖದ ಮೇಲೆಳೆದುಕೊಂಡು ನಿಂತಿದ್ದ. ಈಗ ಹೇಳುತ್ತಾನೆ ಅಂದುಕೊಂಡಳು. ಎರಡು ದಿನ ನನ್ನ ಹತ್ತಿರ ಇತ್ತು, ಆಗ ಎಲ್ಲ ಸರಿಯಿತ್ತು ಅಂತ ಒಂದು ಮಾತು ಹೇಳಿದರೆ ಸಾಕು.

“ಅಕ್ಕನ ಕೊರಳು ಬಿಟ್ಟು ಆ ಕೀ ಎಲ್ಲಿಗೆ ಹೋಗುತ್ತೆ?” ಎಂದ ಬೆಲಾಯಿದ್, ಯಾರನ್ನೂ ನೋಡದೆ.

ದೆಹ್ಬಿಯಾಳಿಗೆ ಚಳಿಯೇ ಮರೆತುಹೋಯಿತು. ಕಣ್ಣೀರು ತೋರಿಸಬಾರದೆಂದು ಮುಖ ಆಚೆ ತಿರುಗಿಸಿದಳು. ಇಳಿಜಾರಿನಲ್ಲಿ ಊರಿಗೆ ಊರೇ ಬೆಳ್ಳಗಾಗಿತ್ತು. ಮಸೀದಿ, ಶಾಲೆ, ಆಲಿವ್ ಮರಗಳು, ಒಂದೊಂದು ಮನೆಯ ಮಾಡೂ. ಊರ ಕೊನೆಯಲ್ಲಿ ಒಂದು ತಗಡಿನ ಮಾಡು ಮಾತ್ರ ತೊಳೆದಿಟ್ಟ ಹಾಗೆ ಕಪ್ಪಗೆ ಹೊಳೆಯುತ್ತಿತ್ತು. ಅದರ ಅಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು.

ಬೆಲಾಯಿದನ ಕೋಳಿಮನೆ.

ಹಿಮದಲ್ಲಿ ಕಾಲು ಹೂತುಹೋಗುತ್ತಿದ್ದರೂ ಅವಳು ಅತ್ತ ನಡೆಯತೊಡಗಿದಳು. ಅವಳು ನೋಡಿದ್ದನ್ನು ಅಕ್ಲಿಯೂ ನೋಡಿದ. ಉಳಿದವರು ಹಿಂದೆ ಬಂದರು. “ಅಕ್ಕಾ, ತಡಿ, ಅಕ್ಕಾ” ಎನ್ನುತ್ತಾ ಬೆಲಾಯಿದ್ ಎಲ್ಲರಿಗಿಂತ ಹಿಂದೆ ಬಂದ.

ಬಾಗಿಲು ತೆರೆದಾಗ ಬಿಸಿಗಾಳಿ ಮುಖಕ್ಕೆ ಬಡಿಯಿತು. ತೂಗುಹಾಕಿದ ಎರಡು ಹೀಟರುಗಳು ಕೆಂಪಗೆ ಉರಿಯುತ್ತಿದ್ದವು. ಅವುಗಳ ಕೆಳಗೆ ನೂರಾರು ಹಳದಿ ಮರಿಗಳು ಒಂದರ ಮೇಲೊಂದು ಬಿದ್ದು ನಿದ್ದೆ ಮಾಡುತ್ತಿದ್ದವು. ಗೋಡೆಯ ಬದಿಗೆ ಸೀಲು ಒಡೆಯದ ಮೂರು ಸಿಲಿಂಡರ್ ಇನ್ನೂ ಉಳಿದಿದ್ದವು.

“ಮೂರು ವರ್ಷದಿಂದ ಹಿಮಾನೇ ಬಿದ್ದಿರಲಿಲ್ಲ,” ಎಂದ ಬೆಲಾಯಿದ್. “ಈ ಸಲಾನೂ ಬೀಳಲ್ಲ ಅಂದ್ಕೊಂಡೆ. ಖಾಲಿ ಸಿಲಿಂಡರ್ ಅಲ್ಲಿಟ್ಟು ತುಂಬಿದ್ದನ್ನ ತಂದೆ. ಈ ತಂಡದ ಮರಿ ದೊಡ್ಡವಾದ ಮೇಲೆ ತುಂಬ್ಸಿ ಇಡೋಣ ಅಂತಾನೇ ಇದ್ದೆ, ಅಪ್ಪನ ಗೋರಿ ಆಣೆ.”

“ಅಪ್ಪನ್ನ ಮಲಗೋಕೆ ಬಿಡು,” ಎಂದಳು ದೆಹ್ಬಿಯಾ. “ಗ್ಯಾಸ್ ಬೇಕು ಅಂದಿದ್ರೆ ನನ್ನ ಮನೇದು ಕೊಡ್ತಿದ್ದೆ. ಅಷ್ಟು ಜನರ ಮುಂದೆ ನನ್ನನ್ನ ಕಳ್ಳಿ ಮಾಡಿ ನಿಂತ್ಯಲ್ಲೋ. ನನ್ನ ಬೆನ್ನ ಮೇಲೆ ಬೆಳೆದೋನು ನೀನು.”

“ಹೀಟರ್ ತೆಗೆದ್ರೆ ಮರಿಗಳೆಲ್ಲಾ ಸಾಯ್ತವೆ ಅಕ್ಕಾ.”

“ಉರೀತಿರೋದೂ ಊರಿನ ಗ್ಯಾಸೇ,” ಎಂದು ಅವಳು ಮರಿಗಳನ್ನು ತುಳಿಯದ ಹಾಗೆ ಕಾಲೆಳೆದುಕೊಂಡು ಒಳಗೆ ಹೋಗಿ, ಎರಡೂ ಹೀಟರುಗಳನ್ನು ತಾನೇ ಆರಿಸಿದಳು. ತುಂಬಿದ ಸಿಲಿಂಡರೊಂದನ್ನು ಬೇರೆಯವರಿಗೆ ಮುಟ್ಟಗೊಡದೆ ಬೆನ್ನ ಮೇಲೆ ಹೇರಿಕೊಂಡು ತಸ್ಸಾದಿತಳ ಮನೆಯವರೆಗೆ ಹೊತ್ತಳು. ಅಲ್ಲಿ ಹೀಟರ್ ಹೊತ್ತಿಕೊಂಡ ಮೇಲೆ ಮಗುವಿಗೆ ಸುತ್ತಿದ್ದ ಕಂಬಳಿಗಳನ್ನು ಒಂದೊಂದಾಗಿ ಬಿಚ್ಚಿದರು. ತಸ್ಸಾದಿತಳ ಅತ್ತೆ ದೆಹ್ಬಿಯಾಳ ತಲೆಗೆ ಮುತ್ತಿಟ್ಟು, ಬಾಯಿ ತಪ್ಪಿ ಅಂದುಬಿಟ್ಟೆ ಎಂದು ಅತ್ತಳು.

“ಕೀ ನಿನ್ನ ಹತ್ರಾನೇ ಇರ್ಲಿ,” ಎಂದ ಅಕ್ಲಿ. “ನಾವ್ಯಾರೂ ಏನೂ ಅನ್ನಲ್ಲ. ಅವನ ವಿಚಾರ ಸಭೆಯಲ್ಲಿ ನೋಡ್ಕೋತೀವಿ.”

“ಬೇಡಪ್ಪಾ.” ಅವಳು ದಾರವನ್ನು ತಲೆಯ ಮೇಲಿಂದ ತೆಗೆದಳು. “ತಮ್ಮನಿಗೆ ಇಲ್ಲ ಅನ್ನೋಕೆ ನನಗೆ ಬರಲ್ಲ. ಇಲ್ಲ ಅನ್ನೋಕೆ ಬರೋರಿಗೆ ಕೊಡಿ.”

ಸಂಜೆಗೆ ಮತ್ತೆ ಹಿಮ ಉದುರತೊಡಗಿತು. ಅವಳು ಒಲೆಗೆ ಆಲಿವ್ ಸೌದೆ ಇಡುತ್ತಿದ್ದಾಗ ಬಾಗಿಲು ಬಡಿದ ಸದ್ದಾಯಿತು. ಆ ಬಡಿತ ಅವಳಿಗೆ ಐವತ್ತು ವರ್ಷದಿಂದ ಗೊತ್ತು.

ಬೆಲಾಯಿದ್ ನಿಂತಿದ್ದ. ಕೈಯಲ್ಲಿ ರಟ್ಟಿನ ಪೆಟ್ಟಿಗೆ. ಒಳಗೆ ಸಣ್ಣಗೆ ಚಿಂವ್ ಚಿಂವ್ ಸದ್ದು.

“ಇಷ್ಟೇ ಉಳಿದಿರೋದು. ನಿನ್ನ ಒಲೆ ಹತ್ರ ಇಟ್ಕೋ ಅಕ್ಕಾ. ಒಂದೆರಡು ದಿನ.” ಒಲೆಯ ಮೇಲಿದ್ದ ಕಾಫಿಯ ಪಾತ್ರೆಯ ಕಡೆ ನೋಡಿದ. ಒಂದು ಕಾಲನ್ನು ಆಗಲೇ ಹೊಸ್ತಿಲ ಮೇಲೆ ಇಟ್ಟಿದ್ದ.

ದೆಹ್ಬಿಯಾ ಎರಡೂ ಕೈ ಚಾಚಿ ಪೆಟ್ಟಿಗೆ ತೆಗೆದುಕೊಂಡಳು. ಅವನು ಕಾಲು ಹಿಂದಕ್ಕೆ ತೆಗೆಯುವವರೆಗೆ ಕಾದಳು. ಆಮೇಲೆ ಬಾಗಿಲು ಮುಚ್ಚಿ ಅಗುಳಿ ಹಾಕಿದಳು.

ಪೆಟ್ಟಿಗೆಯನ್ನು ಒಲೆಯ ಪಕ್ಕದಲ್ಲಿಟ್ಟು, ಬಿಸಿ ಹೆಚ್ಚಾಗದಂತೆ ಒಂದು ಗೇಣು ಹಿಂದಕ್ಕೆ ಸರಿಸಿದಳು. ಕಿಟಕಿಯ ಆಚೆ, ಊರ ಕೊನೆಯ ತಗಡಿನ ಮಾಡಿನ ಮೇಲೆ ಹಿಮ ನಿಲ್ಲತೊಡಗಿತ್ತು.