ರೆಕ್ಕೆ ಮುರಿದ ಹಕ್ಕಿಗೆ ಪ್ಲಾಸ್ಟರ್ ಹಾಕಲು ಹೋದೆವು

ನಮ್ಮ ಆಸ್ಪತ್ರೆಯ ಮೂಳೆ ವಿಭಾಗದವರಿಗೆ ಒಂದು ಕೆಟ್ಟ ಚಾಳಿಯಿದೆ. ಕಣ್ಣೆದುರು ಯಾರಾದರೂ ಕುಂಟಿದರೆ ಸುಮ್ಮನಿರಲು ಆಗುವುದಿಲ್ಲ. ಬಸ್ಸಿನಲ್ಲಿ ಗುರುತು ಪರಿಚಯ ಇಲ್ಲದವರ ಮಂಡಿ ಒತ್ತಿ ನೋಡಿ ಬೈಸಿಕೊಂಡವರೂ ನಮ್ಮಲ್ಲಿದ್ದಾರೆ. ಅವರು ಯಾರೆಂದು ಹೇಳುವುದಿಲ್ಲ. ಹೇಳಿದರೆ ಪ್ಲಾಸ್ಟರ್ ಮಾಮನಿಗೆ ಬೇಜಾರಾಗುತ್ತದೆ.

ಮಾಮ ಮೂವತ್ತು ವರ್ಷದಿಂದ ಪ್ಲಾಸ್ಟರ್ ಕೋಣೆಯಲ್ಲಿ ಕೈಕಾಲು ಕಟ್ಟುತ್ತಿದ್ದಾರೆ. ಅವರ ಪಕ್ಕದ ಕೋಣೆಯಲ್ಲಿ ಎಕ್ಸ್‌ರೇ ಅಣ್ಣ. ಫಿಲ್ಮ್ ನೋಡದೆ ಆತ ಯಾವುದಕ್ಕೂ ಹೂಂ ಅನ್ನುವುದಿಲ್ಲ. ಆಮೇಲೆ ನಮ್ಮ ಸಿಸ್ಟರ್. ರಜೆಗಾಗಿ ಸುಳ್ಳು ನೋವು ಹೇಳಿಕೊಂಡು ಬರುವವರನ್ನು ಬಾಗಿಲಲ್ಲೇ ಹಿಡಿಯುವುದರಲ್ಲಿ ಎತ್ತಿದ ಕೈ. ಆ ಬಾಗಿಲಲ್ಲಿ ಕೂತು ಚೀಟಿ ಕೊಡುವವಳು ನಾನು, ಅದಕ್ಕೇ ಎಲ್ಲರೂ ನನ್ನನ್ನು 'ಚೀಟಿ' ಎಂದೇ ಕರೆಯುತ್ತಾರೆ. ನಾವು ನಾಲ್ವರು ಎರಡು ದಿನ ರಜೆ ಹಾಕಿ ಸಮುದ್ರದ ದಂಡೆಗೆ ಹೊರಟೆವು. ಟೆಂಟ್ ಹಾಕಬೇಕು, ಡಾಲ್ಫಿನ್ ನೋಡಬೇಕು, ಮೂಳೆಯ ಮಾತು ಎತ್ತಬಾರದು ಎಂದು ಒಪ್ಪಂದವಾಗಿತ್ತು.

ಟೆಂಟ್ ಹಾಕಲೆಂದು ಬಿಟ್ಟ ಜಾಗ ಮರಗಳ ಹಿಂದೆ ಇತ್ತು. ಮಾಮ ಅದನ್ನು ನೋಡಿ ಮೂಗು ಮುರಿದರು.

"ಇಲ್ಲಿಂದ ಸಮುದ್ರಾನೇ ಕಾಣಲ್ಲ. ಇಷ್ಟು ದೂರ ಬಂದಿದ್ದು ಮರ ನೋಡೋಕಾ?"

ಅಲೆ ತಲುಪದ ಒಣ ಮರಳಿನಲ್ಲಿ, ಚಿಪ್ಪುಗಳು ಚೆಲ್ಲಿದ್ದ ಕಡೆ ಟೆಂಟ್ ಹಾಕಿಸಿದರು. ಅಲ್ಲೊಂದು ಹಲಗೆಯಿತ್ತು. ಅದರಲ್ಲಿ ಏನು ಬರೆದಿದೆ ಎಂದು ನಾವ್ಯಾರೂ ಓದಲಿಲ್ಲ, ಯಾಕೆಂದರೆ ಬಂದ ಐದೇ ನಿಮಿಷಕ್ಕೆ ಮಾಮ ಅದರ ಮೇಲೆ ಬೆವರಿಗೆ ಒದ್ದೆಯಾದ ತಮ್ಮ ಟವೆಲ್ ಒಣಗಲು ಹಾಕಿದ್ದರು. ಟೆಂಟ್ ನಿಲ್ಲಿಸಲು ಒಂದೂವರೆ ತಾಸು ಹಿಡಿಯಿತು. ಮುರಿದ ಕಾಲನ್ನು ಇಪ್ಪತ್ತು ನಿಮಿಷದಲ್ಲಿ ಕಟ್ಟುವ ಮಾಮ ಟೆಂಟಿನ ಕೋಲುಗಳನ್ನು ಮೂರು ಸಲ ತಪ್ಪಾಗಿ ಜೋಡಿಸಿದರು.

ಹಸಿವಾಗಿತ್ತು. ಟೆಂಟಿನ ಮುಂದೆ ಚಾಪೆ ಹಾಸಿ ಕೂತು ಬನ್ನು ತಿಂದೆವು. ಮಿಕ್ಕ ಚೂರುಗಳನ್ನು ಎಕ್ಸ್‌ರೇ ಅಣ್ಣ ಕಾಗೆಗಳಿಗೆ ಎಸೆದ. "ಪಾಪ, ಅವಕ್ಕೂ ಹೊಟ್ಟೆ ಇದೆ" ಅಂದ. ಒಂದಿದ್ದ ಕಾಗೆ ಏಳಾಯಿತು. ಅಣ್ಣ ಬೈನಾಕ್ಯುಲರ್ ಎತ್ತಿ ಡಾಲ್ಫಿನ್ ಹುಡುಕತೊಡಗಿದ.

ಆಗಲೇ ಸಿಸ್ಟರ್ "ಅಯ್ಯೋ, ಅಲ್ಲಿ ನೋಡಿ!" ಎಂದರು.

ಮುಷ್ಟಿಯಷ್ಟು ದೊಡ್ಡ, ಮರಳಿನದೇ ಬಣ್ಣದ ಹಕ್ಕಿ. ಎಡ ರೆಕ್ಕೆಯನ್ನು ನೆಲಕ್ಕೆ ಎಳೆಯುತ್ತ, ಕೀ ಕೀ ಎಂದು ಅಳುತ್ತ, ಬೀಳುತ್ತ ಏಳುತ್ತ ಹೋಗುತ್ತಿತ್ತು. ಮಾಮ ಒಪ್ಪಂದ ಮರೆತು ಚೀಲಕ್ಕೆ ಕೈ ಹಾಕಿದರು. ಹೊರಗೆ ಬಂದದ್ದು ಪ್ಲಾಸ್ಟರ್ ಬಟ್ಟೆಯ ಸುರುಳಿ.

"ರಜೆಗೂ ಅದನ್ನ ತಂದ್ರಾ ಮಾಮ?" ಎಂದೆ.

"ಕೊಡೆ ಬಿಟ್ಟು ಹೊರಗೆ ಹೋಗ್ತೀಯಾ ನೀನು? ಹಾಗೇ ಇದು. ಸಿಸ್ಟರ್, ಬಕೆಟಲ್ಲಿ ನೀರು! ಚೀಟಿ, ನೀನು ಟವೆಲ್ ಹಿಡ್ಕೊಂಡು ಬಲಗಡೆಯಿಂದ ಬಾ!"

ಹಲಗೆಯ ಮೇಲಿದ್ದ ಟವೆಲ್ ಮರೆತು, ಚೀಲದಿಂದ ಇನ್ನೊಂದನ್ನು ಎಳೆದುಕೊಂಡು ಓಡಿದೆ. ನಾವು ಹತ್ತಿರ ಹೋದಂತೆ ಹಕ್ಕಿ ನಾಲ್ಕು ಮಾರು ಮುಂದೆ ಹೋಗಿ ಬೀಳುತ್ತಿತ್ತು. ನಾವು ನಿಂತರೆ ಅದೂ ನಿಂತು, ತಿರುಗಿ ನೋಡಿ, ಇನ್ನೂ ಜೋರಾಗಿ ಅಳುತ್ತಿತ್ತು. ಸಿಸ್ಟರ್ ಏದುಸಿರು ಬಿಡುತ್ತ ಕೂಗಿದರು.

"ಮಾಮ, ಆಗ ಎಡ ರೆಕ್ಕೆ ಎಳೀತಿತ್ತು. ಈಗ ಬಲ ರೆಕ್ಕೆ ಎಳೀತಿದೆ!"

ಆಸ್ಪತ್ರೆಯ ಬಾಗಿಲಲ್ಲಿ ಯಾರಾದರೂ ಹೀಗೆ ಕಾಲು ಬದಲಿಸಿ ಕುಂಟಿದ್ದರೆ ಮಾಮನೇ ಹೊರಗೆ ದಬ್ಬುತ್ತಿದ್ದರು. ಇಲ್ಲಿ ಅವರು ಒಂದು ಕ್ಷಣ ಯೋಚಿಸಿ ಹೇಳಿದರು: "ಹಾಗಾದ್ರೆ ಎರಡೂ ಮುರಿದಿದೆ. ಕೇಸು ಸೀರಿಯಸ್ಸು."

"ಫಿಲ್ಮ್ ತೆಗೀದೆ ಹೇಗೆ ಹೇಳ್ತೀರಾ?" ಎಂದ ಎಕ್ಸ್‌ರೇ ಅಣ್ಣ.

ಹಕ್ಕಿ ನಮ್ಮನ್ನು ಇನ್ನೂರು ಹೆಜ್ಜೆ ಓಡಿಸಿತು. ಮಾಮ ಟೊಂಕ ಬಗ್ಗಿಸಿ, ಎರಡೂ ಕೈ ಚಾಚಿ, "ಏನೂ ಮಾಡಲ್ಲ ಕಂದ, ಸ್ವಲ್ಪ ನೋವಾಗುತ್ತೆ ಅಷ್ಟೆ" ಎಂದು ಹಿಡಿಯಲು ಹೋದರು. ಹಕ್ಕಿ ಎದ್ದು, ಮುರಿದ ಎರಡೂ ರೆಕ್ಕೆಗಳನ್ನು ಬಡಿದು, ಸೊಂಯ್ ಎಂದು ಹಾರಿಹೋಯಿತು. ಮಾಮ ಮುಖ ಕೆಳಗಾಗಿ ಮರಳಿಗೆ ಬಿದ್ದರು.

ಅಷ್ಟರಲ್ಲಿ ಹಿಂದಿನಿಂದ ಸೀಟಿ ಕೇಳಿಸಿತು. ದೊಡ್ಡ ಟೋಪಿ ಹಾಕಿಕೊಂಡ ದಂಡೆಯ ಕಾವಲುಗಾರ್ತಿ ಹಗ್ಗ, ಕೋಲುಗಳ ಹೊರೆ ಹೊತ್ತು ಒದ್ದೆ ಮರಳಿನ ಮೇಲೆ ಓಡಿ ಬರುತ್ತಿದ್ದಳು.

"ಅಲ್ಲೇ ನಿಲ್ಲಿ! ಯಾರೂ ಕಾಲು ಎತ್ತಬೇಡಿ!"

ನಿಂತೆವು. ಮಾಮ ಮಾತ್ರ ಮಲಗಿದ್ದಲ್ಲೇ ಇದ್ದರು.

"ಆ ಟೆಂಟ್ ನಿಮ್ಮದಾ? ಅದರ ಪಕ್ಕದಲ್ಲೇ ಹಕ್ಕಿ ಮೊಟ್ಟೆ ಇಟ್ಟಿದೆ. ಬೆಳಿಗ್ಗೆ ನೋಡಿದೆ. ಸುತ್ತ ಹಗ್ಗ ಕಟ್ಟೋಣ ಅಂತ ಕೋಲು ತರೋಕೆ ಹೋಗಿದ್ದೆ. ಬರೋಷ್ಟರಲ್ಲಿ ನೀವು ಮನೇನೇ ಕಟ್ಟಿಬಿಟ್ಟಿದ್ದೀರಾ."

ಮಾಮ ಮೀಸೆಯ ಮರಳು ಕೊಡವಿಕೊಂಡರು. "ಅದೆಲ್ಲಾ ಇರಲಿ ತಾಯಿ. ಹಕ್ಕಿಗೆ ಪೆಟ್ಟಾಗಿದೆ. ಮೂವತ್ತು ವರ್ಷ ಮೂಳೆ ನೋಡಿದೋನು ನಾನು. ನನ್ನ ಕಣ್ಣು ತಪ್ಪಲ್ಲ."

"ಆಸ್ಪತ್ರೆಯೋರಾ ಸಾರ್? ಹಾಗಾದ್ರೆ ನಿಮಗೆ ಗೊತ್ತಿರಬೇಕು. ಇಲ್ಲದ ನೋವು ಹೇಳ್ಕೊಂಡು ಯಾರೂ ಬರಲ್ವಾ ನಿಮ್ಮಲ್ಲಿಗೆ?"

"ಬರ್ತಾರೆ. ಅವರು ಮನುಷ್ಯರು. ಹಕ್ಕಿ ಯಾಕೆ ನಾಟಕ ಆಡುತ್ತೆ?"

"ಮರಿಗೋಸ್ಕರ ಸಾರ್. ಯಾರಾದ್ರೂ ಮೊಟ್ಟೆ ಹತ್ರ ಬಂದ್ರೆ ರೆಕ್ಕೆ ಮುರಿದಂಗೆ ಮಾಡುತ್ತೆ. ನಾಯಿಯೋ ನರಿಯೋ ಸುಲಭದ ಬೇಟೆ ಅಂತ ಅದರ ಹಿಂದೆ ಹೋಗುತ್ತೆ. ದೂರ ಕರ್ಕೊಂಡು ಹೋಗಿ ಹಾರಿಬಿಡುತ್ತೆ. ನಿಮಗೂ ಚಳ್ಳೆಹಣ್ಣು ತಿನ್ನಿಸಿದೆ."

ಸಿಸ್ಟರ್ ನಗು ತಡೆಯಲಾರದೆ ಆಚೆ ತಿರುಗಿದರು. ಮಾಮ ಇನ್ನೂ ಒಪ್ಪಲಿಲ್ಲ. "ಗೂಡೆಲ್ಲಿದೆ ತೋರಿಸು ಮತ್ತೆ. ಟೆಂಟ್ ಸುತ್ತ ನಾನು ಹತ್ತು ಸಲ ಓಡಾಡಿದ್ದೀನಿ. ಒಂದು ಹುಲ್ಲುಕಡ್ಡೀನೂ ಇರಲಿಲ್ಲ."

"ಇವು ಗೂಡು ಕಟ್ಟಲ್ಲ ಸಾರ್. ಮರಳಲ್ಲಿ ಒಂದು ಗುಳಿ, ಅಷ್ಟೇ. ಮೊಟ್ಟೆನೂ ಮರಳಿನ ಹಾಗೇ ಇರುತ್ತೆ. ತುಳಿದ್ರೂ ತುಳಿದೋರಿಗೆ ಗೊತ್ತಾಗಲ್ಲ. ಹತ್ರ ಹೋಗೋದು ಬೇಡ. ಆ ಬೈನಾಕ್ಯುಲರ್ ಕೊಡಿ ಇಲ್ಲಿ. ಚಾಪೆಯಿಂದ ಒಂದು ಮಾರು ಆಚೆ, ಬಿಳಿ ಚಿಪ್ಪಿದೆಯಲ್ಲ, ಅದರ ಪಕ್ಕ."

ಎಕ್ಸ್‌ರೇ ಅಣ್ಣ ತಾನೇ ನೋಡಿದ. ಬಹಳ ಹೊತ್ತು ನೋಡಿದ. "ಹೌದು ಮಾಮ. ಮೊಟ್ಟೆ ಇದೆ. ಎರಡು."

"ಎರಡಾ?" ಕಾವಲುಗಾರ್ತಿಯ ದನಿ ಬದಲಾಯಿತು. "ಬೆಳಿಗ್ಗೆ ಮೂರಿತ್ತು."

ಬೈನಾಕ್ಯುಲರ್ ಕೈ ಬದಲಾಯಿತು. ಚಾಪೆಯ ಅಂಚಿನಲ್ಲಿ ಒಂದು ಕಾಗೆ ಚುಕ್ಕೆಚುಕ್ಕೆಯ ಓಡು ಕುಕ್ಕುತ್ತಿತ್ತು. ಉಳಿದ ಎರಡರ ಕಡೆಗೂ ಇನ್ನೊಂದು ಕುಪ್ಪಳಿಸುತ್ತಿತ್ತು. ಕಾವಲುಗಾರ್ತಿ ಜೋರಾಗಿ ಸೀಟಿ ಊದಿ, ಕೋಲು ಬೀಸುತ್ತ ಓಡಿ ಅವನ್ನು ಅಟ್ಟಿದಳು. ಕಾಗೆಗಳಿಗೆ ಬನ್ನು ಹಾಕಿ ಕರೆದವರು ನಾವು. ತಾಯಿಹಕ್ಕಿಯನ್ನು ಅಲ್ಲಿಂದ ಎಬ್ಬಿಸಿದವರೂ ನಾವೇ. ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ದುಃಖವಾಯಿತು.

ಮಾಮನ ಮುಖ ಬಿಳಿಚಿತ್ತು. ಕೈಯಲ್ಲಿದ್ದ ಸುರುಳಿಯನ್ನು ನೋಡಿಕೊಂಡರು. "ಕಟ್ಟೋಕೆ ಅಂತ ಓಡಿದೆ. ಒಡೆಸಿ ಬಂದೆ" ಎಂದರು.

"ಇನ್ನೆರಡು ಉಳಿದಿವೆ ಸಾರ್. ಬಿಸಿಲು ಏರ್ತಾ ಇದೆ. ತಾಯಿ ಬಂದು ಕೂತು ನೆರಳು ಮಾಡದಿದ್ರೆ ಮೊಟ್ಟೆ ಬೆಂದುಹೋಗುತ್ತೆ. ನೀವು ಅಲ್ಲಿರೋವರೆಗೂ ಅದು ಬರಲ್ಲ."

ಕಾವಲುಗಾರ್ತಿ ತೋರಿಸಿದ ದಾರಿಯಲ್ಲಿ ಒಬ್ಬರ ಹೆಜ್ಜೆಯ ಮೇಲೆ ಒಬ್ಬರು ಹೆಜ್ಜೆಯಿಟ್ಟು ಹೋದೆವು. ಒಂದೂವರೆ ತಾಸಿನ ಟೆಂಟನ್ನು ಆರು ನಿಮಿಷದಲ್ಲಿ ಬಿಚ್ಚಿದೆವು. ಬನ್ನಿನ ಒಂದೊಂದು ಚೂರನ್ನೂ ಅಣ್ಣ ಹೆಕ್ಕಿ ಜೇಬಿಗೆ ಹಾಕಿಕೊಂಡ. ಕಾವಲುಗಾರ್ತಿ ಕೋಲು ನೆಟ್ಟು ಹಗ್ಗ ಎಳೆದಳು. ಕೊನೆಗೆ ಸಿಸ್ಟರ್ ಹಲಗೆಯ ಮೇಲಿನ ಟವೆಲ್ ತೆಗೆದರು. 'ಹಕ್ಕಿಗಳು ಮೊಟ್ಟೆ ಇಡುವ ಜಾಗ. ಇಲ್ಲಿ ಟೆಂಟ್ ಹಾಕಬೇಡಿ' ಎಂದು ನನ್ನ ಅಂಗೈಯಷ್ಟು ದೊಡ್ಡ ಅಕ್ಷರಗಳಲ್ಲಿ ಬರೆದಿತ್ತು. ಸಿಸ್ಟರ್ ಅದನ್ನು ಗಟ್ಟಿಯಾಗಿ ಓದಿದರು, ಎರಡು ಸಲ.

ಮರಗಳ ಹಿಂದೆ ಹೊಟ್ಟೆಯ ಮೇಲೆ ಮಲಗಿ ಕಾದೆವು. ಮಾಮ ಗಡಿಯಾರ ನೋಡಿದರು, ಮತ್ತೆ ನೋಡಿದರು. "ಬರುತ್ತಲ್ವಾ ತಾಯಿ?" ಎಂದು ಕಾವಲುಗಾರ್ತಿಯನ್ನು ನಾಲ್ಕು ಸಲ ಕೇಳಿದರು. ಹದಿನೇಳನೆಯ ನಿಮಿಷಕ್ಕೆ ಹಕ್ಕಿ ಬಂತು. ಅತ್ತ ಓಡಿ, ಇತ್ತ ಓಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಎದೆಯ ಗರಿ ಉಬ್ಬಿಸಿ ಎರಡು ಮೊಟ್ಟೆಗಳ ಮೇಲೆ ಕೂತಿತು. ಮಾಮ ಕನ್ನಡಕ ತೆಗೆದು ಒರೆಸಿಕೊಂಡರು. ಬೆವರು ಎಂದರು. ನಾವು ನಂಬಿದೆವು.

ಆ ಎರಡು ದಿನದಲ್ಲಿ ಡಾಲ್ಫಿನ್ ಕಾಣಲಿಲ್ಲ. ಮಾಮ ಹುಡುಕಲೂ ಇಲ್ಲ. ಕಾವಲುಗಾರ್ತಿಯ ಪಕ್ಕ ಒಂದು ಕುರ್ಚಿ ಹಾಕಿಕೊಂಡು ಕೂತುಬಿಟ್ಟರು.

ಮರುದಿನ ಒಂದು ಸಂಸಾರ ಚೆಂಡು ಆಡುತ್ತ ಹಗ್ಗದ ಹತ್ತಿರಕ್ಕೆ ಬಂತು. ಹಕ್ಕಿ ರೆಕ್ಕೆ ಎಳೆಯುತ್ತ ಅಳತೊಡಗಿತು. "ಅಯ್ಯೋ ಪಾಪ, ಹಿಡೀರಿ, ಹಿಡೀರಿ!" ಎಂದು ಹೆಂಡತಿ ಕೂಗಿದಳು. ಗಂಡ ಟೋಪಿ ಬಿಚ್ಚಿ ಹಿಡಿಯಲು ಓಡಿದ. ಮಾಮ ಒದ್ದೆ ಮರಳಿನ ಮೇಲೆ ಅಡ್ಡ ಹೋಗಿ ಎರಡೂ ಕೈ ಚಾಚಿ ನಿಂತರು.

"ಹಿಂದಕ್ಕೆ ಹೋಗಿ. ಅದಕ್ಕೆ ಏನೂ ಆಗಿಲ್ಲ."

"ಏನ್ ಸ್ವಾಮಿ, ಕಣ್ಣು ಕಾಣಲ್ವಾ? ರೆಕ್ಕೆ ಮುರಿದಿದೆ! ಹೇಳೋಕೆ ನೀವ್ಯಾರು?"

"ಮೂಳೆ ಕಟ್ಟೋನು" ಎಂದರು ಮಾಮ. "ನಾನೇ ಕಟ್ಟದೆ ಬಿಟ್ಟಿದ್ದೀನಿ. ನಡೀರಿ."

ಓದುತ್ತಿರುವ ಅಕ್ಕ, ಅಣ್ಣ, ನೀವೂ ಆಫೀಸಿನವರ ಜೊತೆಗೋ ಮನೆಯವರ ಜೊತೆಗೋ ಸಮುದ್ರಕ್ಕೆ ಹೋಗುತ್ತೀರಿ. ಸಂತೋಷವಾಗಿ ಹೋಗಿ ಬನ್ನಿ. ಟೆಂಟನ್ನು ಅದಕ್ಕೆಂದು ಬಿಟ್ಟ ಜಾಗದಲ್ಲೇ ಹಾಕಿ. ನಡೆಯುವಾಗ ಅಲೆ ಒದ್ದೆ ಮಾಡಿದ ಮರಳಿನ ಮೇಲೆ ನಡೆಯಿರಿ. ತಿಂದು ಮಿಕ್ಕಿದ್ದನ್ನು ಚೀಲಕ್ಕೆ ಹಾಕಿ, ಕಾಗೆಗಳಿಗೆ ಔತಣ ಬೇಡ. ನಾಯಿಯನ್ನು ಕರೆದೊಯ್ದರೆ ಹಗ್ಗ ಬಿಡಬೇಡಿ. ಗಾಯವಾದ ಹಕ್ಕಿ ಕಂಡರೆ ನೀವಾಗಿ ಹಿಡಿಯಲು ಹೋಗದೆ ಕಾವಲಿನವರಿಗೆ ಹೇಳಿ, ಅವರು ನೋಡಿಕೊಳ್ಳುತ್ತಾರೆ. ಪುಟ್ಟ ಹಕ್ಕಿಯೊಂದು ನಿಮ್ಮೆದುರು ರೆಕ್ಕೆ ಎಳೆಯುತ್ತ ಅತ್ತರೆ ಅದರ ಹಿಂದೆ ಓಡಬೇಡಿ. ಇದ್ದಲ್ಲೇ ನಿಂತು, ಕಾಲ ಬುಡವನ್ನು ಚೆನ್ನಾಗಿ ನೋಡಿ, ಬಂದ ಹೆಜ್ಜೆಯ ಮೇಲೇ ಹಿಂದಕ್ಕೆ ಹೋಗಿ. ಅದರ ಮೊಟ್ಟೆ ನಿಮ್ಮ ಚಪ್ಪಲಿಯ ಪಕ್ಕದಲ್ಲೇ ಇದ್ದೀತು.