ರಸ್ತೆ ಬದಿಯ ತಾಕು

ಚೀನಾದ ಫುಶಿನ್ ಕಡೆಯ ಮರಳುನೆಲದಲ್ಲಿ ಶೇಂಗಾ ಎಲೆ ಅಷ್ಟು ಕಡುಹಸಿರಾಗುವುದಿಲ್ಲ. ರಸ್ತೆ ಬದಿಯ ತಾಕಿನಲ್ಲಿ ಆಗಿತ್ತು. ಅದರ ಹಿಂದಿರುವ ಎರಡು ತಾಕುಗಳಿಗೂ ಅದೇ ಗೊಬ್ಬರ ಹಾಕಿದ್ದೆವು: ಶೇಂಗಾ ಸಿಪ್ಪೆಯನ್ನು ಗಾಳಿಯಾಡದ ಕುಲುಮೆಯಲ್ಲಿ ಸುಟ್ಟು, ಆ ಇದ್ದಿಲಿಗೆ ಪೋಷಕಾಂಶ ಬೆರೆಸಿದ ಉಂಡೆ. ಆ ಎರಡು ತಾಕು ತಿಳಿಹಸಿರಾಗಿಯೇ ಇದ್ದವು.

ಸಾಲಿಗೆ ಹೊದಿಸಿದ ಪ್ಲಾಸ್ಟಿಕ್ ಹಾಳೆಯ ಮಡಿಕೆ ಬಿಡಿಸಿದೆ. ಕರಗದೆ ಉಳಿದ ಬಿಳಿ ಕಾಳು. ಯೂರಿಯಾ.

“ಯಾರು ಎರಚಿದ್ದು, ಗುವಾನ್ ಮಾವ?”

ಸಹಕಾರ ಸಂಘದ ಅಧ್ಯಕ್ಷ ಗುವಾನ್ ಹಸಿ ಈರುಳ್ಳಿ ದಂಟು ಕಚ್ಚಿ ತಿನ್ನುತ್ತ ನಿಂತಿದ್ದ. “ನಾನೇ, ಹೂ ಬಿಟ್ಟಾಗಿಂದ ಎರಡ್ ಸಲ. ಸಾಹೇಬ್ರು ಬರೋ ದಿನ ಬಡಕಲು ಗಿಡ ತೋರ್ಸಿ ನಿಮ್ಮ ಮಾನ ಕಳೀಬೇಕಿತ್ತಾ, ಲುವಾನ್ ಟೀಚರ್?”

“ಇದು ನಮ್ಮ ಕೃಷಿ ಕಾಲೇಜಿನ ಪ್ರಯೋಗ.”

“ಪ್ರಯೋಗಕ್ಕೂ ಒಂದ್ ತುತ್ತು ಜಾಸ್ತಿ ಬಡ್ಸಿದ್ರೆ ಪಾಪಾನಾ?”

ಇದು ಪ್ರಯೋಗದ ಮೂರನೆಯ, ಕೊನೆಯ ಬೆಳೆ. ಊರಿಗೆ ದೊಡ್ಡ ಕುಲುಮೆ ಕೊಡುವುದು ಇದರ ಮೇಲೆ ನಿಂತಿತ್ತು. ಹಿಂದಿನ ಎರಡು ವರ್ಷ ಮಣ್ಣಿನಲ್ಲಿ ಪೊಟ್ಯಾಷ್ ಉಳಿದಿತ್ತು, ಕಾಯಿಯೂ ಹೆಚ್ಚಿತ್ತು. ಮೂರರಲ್ಲಿ ಒಂದು ತಾಕು ಕೆಟ್ಟರೆ ಈ ವರ್ಷದ ಲೆಕ್ಕ ನಿಲ್ಲುವುದಿಲ್ಲ.

“ನೀವು ಸುಮ್ನಿದ್ರೆ ಕುಲುಮೆ ಇವತ್ತೇ ಮಂಜೂರು,” ಎಂದ.

“ಆಮೇಲೆ? ಊರೆಲ್ಲ ಹೀಗೇ ಎರಚುತ್ತೆ. ಎಲೆ ಬರುತ್ತೆ, ಕಾಯಿ ಬರಲ್ಲ. ಬೈಗುಳ ಮಾತ್ರ ಇದ್ದಿಲಿಗೆ.”

ಕಾರು ಬಂತು. ಕುಲುಮೆ ಮಂಜೂರು ಮಾಡಬೇಕಿದ್ದ ಕೃಷಿ ಇಲಾಖೆಯ ನಿರ್ದೇಶಕ ಶಿಂಗ್ ಡಾಂಬರಿನಿಂದ ಕೆಳಗಿಳಿಯಲಿಲ್ಲ. “ಇದೇ ಇದ್ದಿಲಿನ ಮಹಿಮೆ ಅನ್ನಿ,” ಎನ್ನುತ್ತ ಕಡುಹಸಿರಿನ ಫೋಟೊ ತೆಗೆದರು. ಗುವಾನ್ ಹಲ್ಲು ಬಿಟ್ಟ.

ರಸ್ತೆ ಬದಿಯ ತಾಕಿನಿಂದ ಒಂದು, ಹಿಂದಿನದರಿಂದ ಒಂದು ಗಿಡ ಕಿತ್ತು ಶಿಂಗ್ ಅವರ ಮೂಗಿನ ಮುಂದೆ ಹಿಡಿದೆ. ಸೊಂಪಾದದ್ದರ ಬೇರು ಬೋಳು. ಕಾಯಿ ಎರಡೋ ಮೂರೋ. ಕುಳ್ಳ ಗಿಡದ ಬೇರಿನ ತುಂಬ ಸಾರಜನಕ ಕಟ್ಟುವ ಗಂಟು, ಬುಡದಲ್ಲಿ ಕಾಯಿಗೊಂಚಲು.

“ನಮ್ಮದು ಈ ಕುಳ್ಳ. ನೀವು ಫೋಟೊ ತೆಗೆದದ್ದು ಯೂರಿಯಾದ್ದು. ಈ ವರ್ಷದ ಫಲಿತಾಂಶ ಇಲ್ಲ, ಸರ್.”

“ಹಾಗಾದ್ರೆ ನಾನು ವರದಿಗೆ ಏನ್ ಬರೀಲಿ?”

“ಇನ್ನೊಂದು ಬೆಳೆ ಬೇಕು ಅಂತ ಬರೀರಿ.”

“ಮುಂದಿನ ವರ್ಷ ಯಾರ್ ಇರ್ತಾರೋ,” ಎಂದು ಅವರು ಅಂಗಿಗೆ ಉದುರಿದ ಮಣ್ಣು ಕೊಡವಿಕೊಂಡು ಕಾರು ಹತ್ತಿದರು.

“ಮೂರು ವರ್ಷ ನಿಮ್ಗೆ ಊಟ ಹಾಕಿದ್ದು ನಮ್ಮನೇಲಿ,” ಎಂದ ಗುವಾನ್, ಮೆಲ್ಲಗೆ. “ಜನರ ಮುಂದೆ ಹೀಗ್ ಮಾಡ್ತೀರಾ?”

ಕಾರು ತಿರುಗುವ ಮೊದಲೇ ಬಗ್ಗಿ, ಇನ್ನಾರೂ ಇದನ್ನು ಇದ್ದಿಲಿನ ಬೆಳೆ ಎಂದು ತೋರಿಸದಂತೆ, ಆ ಹಸಿರು ತಾಕಿನ ಗಿಡಗಳನ್ನು ಮೊದಲ ಸಾಲಿನಿಂದ ಕೀಳತೊಡಗಿದೆ.