ಎಮಿಲ್‌ನ ಸೀಟಿನ ಮೇಲಿನ ಜಾಕೆಟ್

ಆಲೂಗಡ್ಡೆ ಇಪ್ಪತ್ತು ಪೌಂಡಿಗೆ ಒಂಬತ್ತು ಡಾಲರ್, ಮೊಟ್ಟೆ ಡಜನ್ನಿಗೆ ನಾಲ್ಕೂವರೆ, ಬೇಸ್‌ಬಾಲಿನಲ್ಲಿ ಚೆಂಡೆಸೆಯುವ ಒಳ್ಳೆಯ ಎಡಗೈ ಪಿಚರ್ ವರ್ಷಕ್ಕೆ ಎರಡು ಕೋಟಿ — ಅಂಗಡಿಯೆದುರು ನಿಲ್ಲಿಸಿದ ಕಾರಿನಲ್ಲಿ ಕೂತು ಲೊರೆಟ್ಟಾ ಪಾವ್ಲಿಕ್ ಮನಸ್ಸಿನಲ್ಲೇ ಲೆಕ್ಕ ಹಾಕುತ್ತಾಳೆ, ಮೊದಲೆರಡಕ್ಕೆ ಅವಳು ಗೊಣಗದೆ ದುಡ್ಡು ಕೊಟ್ಟು ಬಂದಳು, ಬೇಕಾದ್ದಕ್ಕೆ ಕೊಡಲೇಬೇಕು, ಬೆಲೆ ಇಳಿಯಲಿ ಎಂದು ಏಪ್ರಿಲ್‌ವರೆಗೆ ಕಾದರೆ ಇವತ್ತಿನ ಪಿರೋಗಿ ಕಡುಬಿನೊಳಗೆ ತುಂಬುವುದೇನನ್ನು, ಹಿಮವನ್ನೇ — ಕಾರು ಟಿಣ್ ಟಿಣ್ ಎನ್ನುತ್ತಿದೆ, ಪಕ್ಕದ ಸೀಟಿನ ಮೇಲಿನ ಆಲೂಗಡ್ಡೆ ಚೀಲವನ್ನು ಮನುಷ್ಯನೆಂದು ತಿಳಿದಿದೆ, ಅವನಿಗೆ ಬೆಲ್ಟ್ ಹಾಕು ಎಂದು ಹಟ ಹಿಡಿದಿದೆ, ಹಾಕಿದಳು, ಸುಮ್ಮನಾಯಿತು. ಇಪ್ಪತ್ತು ಪೌಂಡಿದ್ದರೆ ಸಾಕು, ಮನುಷ್ಯ. ತಮ್ಮ ಎಮಿಲ್‌ನ ಜಾಕೆಟ್ಟಿಗೆ ಅಷ್ಟೂ ತೂಕವಿರಲಿಲ್ಲ.

ಕಿವಿಗೊತ್ತಿದ ಫೋನಿನಲ್ಲಿ ಊರಿನ ಹೆರನ್ಸ್ ತಂಡದ ಟಿಕೆಟ್ ಕಚೇರಿಯ ಸಂಗೀತ, ನಿಮ್ಮ ಕರೆ ನಮಗೆ ಮುಖ್ಯ, ಹೌದಪ್ಪಾ ಬಹಳ ಮುಖ್ಯ — ಅಕ್ಟೋಬರ್‌ನಿಂದ ಊರೆಲ್ಲ ಕೈ ಹಿಸುಕಿಕೊಂಡು ಕಾಯುತ್ತಿದೆ, ಚಳಿಗಾಲವೆಂದರೆ ಆಟಗಾರರನ್ನು ಕೊಳ್ಳುವ ಕಾಲ, ಬೇರೆ ಊರಿನವರು ಚೀಲ ತುಂಬಿಕೊಂಡು ಹೋದರು, ನಮ್ಮ ಮಾಲೀಕ ಮಾತ್ರ ರೇಡಿಯೋದಲ್ಲಿ ಬಂದು, ಮಾರುಕಟ್ಟೆ ಇನ್ನೂ ಬಿಸಿಯಾಗಿದೆ, ಸ್ವಲ್ಪ ಆರಲಿ, ತಾಳ್ಮೆ ಇರಲಿ ಅಂತಾನೆ, ಎಂಜಲು ಕೈಯಲ್ಲಿ ಕಾಗೆ ಓಡಿಸದವನು, ಅವನ ಅಜ್ಜ ಹಾಗಿರಲಿಲ್ಲ. ಮೂಲೆಯ ಬಾರಿನ ಗಸ್ ಅವಳನ್ನು ಕಂಡಾಗಲೆಲ್ಲ ಕೆಣಕುತ್ತಾನೆ, ಏನ್ ಲೊರೆಟ್ಟಾ, ನಿನ್ನ ತಂಡ ಏನಾದ್ರೂ ಕೊಂಡ್ಕೊಂಡ್ತಾ, ಕೊಂಡ್ಕೊಂಡಿದೆ ಕಣೋ, ಹುಲ್ಲು ಕತ್ತರಿಸೋ ಯಂತ್ರ, ಅಯ್ಯೋ ಅದಾದ್ರೂ ಎಡಗೈದಾ, ಎಂದು ನಗುತ್ತಾನೆ, ಅವಳೂ ನಗುತ್ತಿದ್ದಳು, ಆಗ ಮೆರಿಕ್ ಇನ್ನೂ ಕೈತಪ್ಪಿರಲಿಲ್ಲ. ಡಾನೆಲ್ ಮೆರಿಕ್, ತಂಡದ ಎಡಗೈ ಪಿಚರ್, ಕರಾರು ಮುಗಿದಿದ್ದವನು, ಎಮಿಲ್‌ಗೆ ಪ್ರಾಣ, ಅವನು ಚೆಂಡೆಸೆಯಲು ಕಾಲೆತ್ತಿದಾಗ ಎಮಿಲ್ ಉಸಿರು ಹಿಡಿಯುತ್ತಿದ್ದ, ನೋಡು ಲೊರಿ, ಈಗ ನೋಡು, ಎಂದು ಮೊಣಕೈಯಿಂದ ತಿವಿಯುತ್ತಿದ್ದ, ಅವಳ ಎಡ ಪಕ್ಕೆಯಲ್ಲಿ ಆ ಜಾಗ ಈಗಲೂ ಕಾಯುತ್ತದೆ.

ಮೈದಾನದಲ್ಲಿ ಇಬ್ಬರದೂ ಹದಿನಾಲ್ಕನೆಯ ಸಾಲು, ವರ್ಷವರ್ಷವೂ ಮುಂಗಡ ಕಟ್ಟಿ ಕಾದಿರಿಸಿದ ಸೀಟು, ಏಳು ಅವಳದು, ಎಂಟು ತಮ್ಮನದು, ಓಡಾಡುವ ದಾರಿಯ ಪಕ್ಕ, ಅವನ ಕೆಟ್ಟ ಮೊಣಕಾಲು ಚಾಚಲು, ಬಸ್ ಡಿಪೋದಲ್ಲಿ ಮೆಕ್ಯಾನಿಕ್, ಆನೆಯಂಥ ಮೈ, ಅವನು ಕೂತರೆ ಆ ಹಸಿರು ಮಡಿಸುವ ಸೀಟು ನರಳುತ್ತಿತ್ತು, ಎದ್ದರೆ ಟಪ್ ಎಂದು ಮೇಲಕ್ಕೆ ಮಡಚಿಕೊಳ್ಳುತ್ತಿತ್ತು. ಹೋದ ಸೆಪ್ಟೆಂಬರ್‌ಗೂ ಹಿಂದಿನ ಸೆಪ್ಟೆಂಬರ್‌ನಲ್ಲಿ ಅವನು ತೀರಿಕೊಂಡ, ಅವಳು ಎರಡೂ ಸೀಟು ಉಳಿಸಿಕೊಂಡಳು, ಎಂಟರ ಮೇಲೆ ಅವನ ನೀಲಿ ಜಾಕೆಟ್ ಹಾಸಿದಳು, ಸೀಟು ಮೆಲ್ಲಗೆ, ಮೆಲ್ಲಗೆ ಮೇಲೇರಿ ಜಾಕೆಟ್ಟನ್ನು ನುಂಗಿತು, ಟಪ್, ಒಂದು ತೋಳು ಮಾತ್ರ ಹೊರಗೆ ನೇತಾಡುತ್ತಿತ್ತು. ಏನಾದ್ರೂ ಭಾರದ್ದು ಇಡಮ್ಮಾ, ಎಂದಳು ಸೀಟು ತೋರಿಸುವ ವಾಂಡಾ, ಲೊರೆಟ್ಟಾ ಕೈಚೀಲ ಇಟ್ಟಳು, ಸಾಲಲಿಲ್ಲ, ಕೊನೆಗೆ ಆಟ ಮುಗಿಯುವವರೆಗೂ ಎಡಗೈಯಿಂದ ಒತ್ತಿ ಹಿಡಿದೇ ಕೂತಳು, ಇಡೀ ಬೇಸಿಗೆ ಹಾಗೇ, ತಂಡ ಗೆಲ್ಲುವಾಗ ಚಪ್ಪಾಳೆ ತಟ್ಟಲೂ ಇಲ್ಲ, ತಟ್ಟಿದರೆ ಟಪ್. ಕಡಲೆಕಾಯಿ ಮಾರುವವನು ಅಭ್ಯಾಸಬಲದಿಂದ ಕೂಗುತ್ತಿದ್ದ, ಎರಡಾ? ಎರಡು ಕೊಡಪ್ಪಾ, ಎನ್ನುತ್ತಿದ್ದಳು.

ಅದಕ್ಕೇ ನವೆಂಬರ್‌ನಲ್ಲಿ ಅವಳೂ ಒಂದು ಪಟ್ಟು ಹಾಕಿದಳು, ಹಾವೂ ಸಾಯಬಾರದು ಕೋಲೂ ಮುರಿಯಬಾರದು, ಏಳಕ್ಕೆ ಪೂರ್ತಿ ಕಟ್ಟುತ್ತೇನೆ, ಎಂಟಕ್ಕೆ ಈಗಲೇ ಇಲ್ಲ, ಟಿಕೆಟ್ ಕಚೇರಿಯ ಹುಡುಗಿಗೆ ನೇರವಾಗಿ ಹೇಳಿದಳು, ನಿಮ್ಮ ಸಾಹೇಬ್ರಿಗೆ ಹೇಳಮ್ಮಾ, ಮೆರಿಕ್‌ನ ಉಳಿಸ್ಕೊಂಡ ದಿನ ನನ್ನ ತಮ್ಮನ ಸೀಟಿನ ದುಡ್ಡು ಬರುತ್ತೆ ಅಂತ, ಸರಿ ಮೇಡಂ, ಬರ್ಕೋತೀನಿ, ಎಂದಳು ಹುಡುಗಿ, ಎಲ್ಲಿ ಬರೆದುಕೊಂಡಳೋ. ಕಾಗದ ಬಂತು, ಇನ್ನೊಂದು ಬಂತು, ಗಡುವು ಶುಕ್ರವಾರ, ಲೊರೆಟ್ಟಾ ಅದನ್ನು ಟೋಸ್ಟರಿನ ಹಿಂದೆ ಸಿಕ್ಕಿಸಿದಳು, ಬಗ್ಗುವವನು ಆ ಮಾಲೀಕನೇ ಆಗಲಿ, ಒಂದು ಸೀಟು ಖಾಲಿ ಕಂಡರೆ ಅವನ ಹೊಟ್ಟೆಯೂ ಒಂದಿಷ್ಟು ಚುರುಕ್ ಎನ್ನಲಿ — ಎಮಿಲ್ ಇದ್ದಿದ್ದರೆ ಏನೆನ್ನುತ್ತಿದ್ದ, ಲೊರಿ, ಅವನಿಗೆ ನಲವತ್ತು ಸಾವಿರ ಸೀಟಿದೆ ಕಣೇ, ನಮಗೆ ಎರಡು, ಎನ್ನುತ್ತಿದ್ದ, ಹೌದು, ಹಾಗೇ ಎನ್ನುತ್ತಿದ್ದ, ಯಾಕೆ ಅದು ಈಗ ಕೇಳಿಸುತ್ತಿದೆ. ಇವತ್ತು ಬೆಳಿಗ್ಗೆ ರೇಡಿಯೋ ಹೇಳಿತು, ಮೆರಿಕ್ ಬೇರೆ ಊರಿಗೆ ಸಹಿ ಹಾಕಿದ, ಹೆರನ್ಸ್ ತಂಡದವರು ಅವನ ಬೆಲೆ ಇಳಿಯಲೆಂದು ಕಾಯುತ್ತಿದ್ದರಂತೆ, ಲೊರೆಟ್ಟಾ ಟೋಸ್ಟರಿನ ಹಿಂದಿನ ಕಾಗದ ಎಳೆದು ಕೈಚೀಲಕ್ಕೆ ಹಾಕಿಕೊಂಡಳು, ಕಾಯುತ್ತಿದ್ದರಂತೆ, ಕಾಯುತ್ತಿದ್ದರಂತೆ, ಸಾಕು ಈ ಪಟ್ಟು, ದುಡ್ಡು ಕಟ್ಟಿಬಿಡೋಣ —

ಹಲೋ, ಮೇಡಂ? ಸಂಗೀತ ನಿಂತಿದೆ, ಹುಡುಗನ ದನಿ, ಹದಿನಾಲ್ಕನೇ ಸಾಲು ಅಂದ್ರಲ್ಲ, ಏಳು ನಿಮ್ಮದೇ, ಚಿಂತೆ ಬೇಡ, ಎಂಟು ಹೋಗಿದೆ, ಶುಕ್ರವಾರಕ್ಕೆ ಗಡುವು ಮುಗೀತು, ಶನಿವಾರಾನೇ ಯಾರೋ ತಗೊಂಡ್ರು. ಅದು ನನ್ನ ತಮ್ಮಂದಪ್ಪಾ. ಅವರು ಬರ್ತಾರಾ ಮೇಡಂ, ಬೇರೆ ಕಡೆ ನೋಡ್ಲಾ? ಇಲ್ಲ, ಅವನು ಬರಲ್ಲ. ಹಾಗಾದ್ರೆ ಒಳ್ಳೇದೇ ಆಯ್ತಲ್ಲ ಮೇಡಂ, ಪಕ್ಕದಲ್ಲಿ ಒಬ್ರು ಇದ್ದಂಗಾಯ್ತು. ಹುಡುಗ ಒಳ್ಳೆಯವನೇ, ಅವನದೇನು ತಪ್ಪು, ಆಯ್ತಪ್ಪಾ, ಎಂದಳು, ಫೋನ್ ಇಟ್ಟಳು. ಸರೋವರದ ಕಡೆಯಿಂದ ಗಾಳಿ, ಗಾಜಿನ ಮೇಲೆ ಹಿಮ, ಎಡಗೈ ತಾನಾಗಿ ಬಾಗಿಲ ಕಡೆಯ ಸೀಟಿನಂಚಿನ ಮೇಲೆ ಕೆಳಮುಖವಾಗಿ ಒತ್ತಿಕೊಂಡಿದೆ, ಏನನ್ನು ಹಿಡಿದಿದೆ ಅದು, ಏಪ್ರಿಲ್‌ನಲ್ಲಿ ಹಿಡಿಯಬೇಕಾಗಿಲ್ಲ, ಯಾರೋ ಬರುತ್ತಾನೆ, ಕೂರುತ್ತಾನೆ, ಎಂಟು ಕೆಳಗೇ ಇರುತ್ತದೆ, ಟಪ್ ಎನ್ನುವುದಿಲ್ಲ, ನೀಲಿ ಜಾಕೆಟ್ ಅವಳ ಮಡಿಲಲ್ಲಿ. ಮಾಲೀಕನಿಗೆ ಉಳಿದದ್ದು ಎರಡು ಕೋಟಿ, ಅವಳಿಗೆ ಉಳಿದದ್ದು ಒಂದು ಸೀಟಿನ ದುಡ್ಡು, ಹೋದದ್ದು ಮೆರಿಕ್, ಹೋದದ್ದು ಎಂಟು, ಸೀಟು ಕೆಳಗಿದೆ, ಅದರ ಮೇಲೆ ಕೂತವನು ಎಮಿಲ್ ಅಲ್ಲ.